ಹದ ಮೀರಿ ಬಂದ ಮದ್ದು

ಹದ ಮೀರಿ ಬಂದ ನೀರು ಪೈರಿಗೆ ಎಷ್ಟು ಒದಗೀತೆಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ನಾಲೆಯ ಬಯಲಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನುಷ್ಯದೇಹಕ್ಕೂ ಅಂಥದೊಂದು ಹದವುಂಟು. ಅದು ಮೀರಿದ ಮೇಲೆ ಮದ್ದನ್ನು ಪಡೆದವರು ಡಾಕ್ಟರ್ ಮೈಕೇಲ್ ಡಿಲನ್.

1915ರ ಮೇ 1ರಂದು ಲಂಡನ್ನಿನಲ್ಲಿ ಜನಿಸಿದ ಡಿಲನ್ನರನ್ನು ಲೋಕ ಹೆಣ್ಣುಮಗುವೆಂದು ಎಣಿಸಿತು. ತಾಯಿ ಕೆಲವೇ ದಿನಗಳಲ್ಲಿ ತೀರಿಕೊಂಡರು, ಬಂಧುಗಳು ಸಾಕಿದರು. ತಾನು ಗಂಡೆಂಬ ಅರಿವು ಒಳಗೆ ಬಲಿಯುತ್ತಿರಲು, ಹರೆಯವು ತನ್ನ ಪಾಡಿಗೆ ತಾನು ದೇಹವನ್ನು ಹೆಣ್ಣಾಗಿ ರೂಪಿಸಿತು. ಅದನ್ನು ತಡೆಯುವ ಔಷಧ ಅಂದು ವೈದ್ಯರ ಕನಸಿನಲ್ಲೂ ಇರಲಿಲ್ಲ. ಗಂಡು ಹಾರ್ಮೋನನ್ನು ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದೇ 1935ರಲ್ಲಿ. ಆಕ್ಸ್‌ಫರ್ಡಿನ ವಿದ್ಯಾಭ್ಯಾಸ ಮುಗಿಸಿದ್ದ ಡಿಲನ್ನರಿಗೆ ಅದು 1939ರಲ್ಲಿ ದೊರೆಯಿತು. ದನಿ ಗಡುಸಾಯಿತು, ಗಡ್ಡ ಮೂಡಿತು. ಆದರೆ ಹರೆಯ ಕೊಟ್ಟುಹೋದುದನ್ನು ಮದ್ದು ಹಿಂತೆಗೆಯಲಾರದಾಯಿತು. ಎದೆಯನ್ನು ಶಸ್ತ್ರದಿಂದಲೇ ತಿದ್ದಬೇಕಾಯಿತು. ಮುಂದೆ ಯುದ್ಧಗಾಯಾಳುಗಳ ಮುಖ ತಿದ್ದಿ ಹೆಸರಾಗಿದ್ದ ಸರ್ ಹೆರಾಲ್ಡ್ ಗಿಲೀಸರು ಹತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ನಡೆಸಿದರು. ಮನಸ್ಸನ್ನು ದೇಹಕ್ಕೆ ಹೊಂದಿಸಲಾಗದಲ್ಲಿ ದೇಹವನ್ನೇ ಮನಸ್ಸಿಗೆ ಹೊಂದಿಸಬೇಕೆಂದು 1946ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಡಿಲನ್ ವಾದಿಸಿದರು. ಡಬ್ಲಿನ್ನಿನಲ್ಲಿ ಓದಿ 1951ರಲ್ಲಿ ವೈದ್ಯರಾದರು, ಹಡಗುಗಳಲ್ಲಿ ದುಡಿದರು.

ಅವರ ಮನೆತನದ ಬಿರುದಿನ ವಾರಸುದಾರಿಕೆಯ ವಿಷಯದಲ್ಲಿ ಎರಡು ವಂಶಾವಳಿ ಗ್ರಂಥಗಳು ಎರಡು ಬಗೆಯಾಗಿ ಬರೆದಿದ್ದುವು. 1958ರಲ್ಲಿ ಪತ್ರಿಕೆಗಳು ಈ ಎಳೆ ಹಿಡಿದು ಅವರ ಗುಟ್ಟನ್ನು ಬೀದಿಗೆಳೆದುವು. ನೊಂದ ಡಿಲನ್ ಭಾರತಕ್ಕೆ ಬಂದರು. ಕಾಲಿಂಪಾಂಗ್, ಸಾರನಾಥಗಳಲ್ಲಿ ನೆಲೆಯರಸಿ, ಬುದ್ಧನ ವೈದ್ಯನಾದ ಜೀವಕನ ಹೆಸರನ್ನು ತಳೆದು, ಲಡಾಖಿನ ರಿಜೋಂಗ್ ವಿಹಾರದಲ್ಲಿ ಕಿರಿಯ ಭಿಕ್ಷುವಾಗಿ ಬಾಳಿದರು. 1962ರ ಮೇ 15ರಂದು ಡಾಲ್‌ಹೌಸಿಯಲ್ಲಿ ನಿಧನ ಹೊಂದಿದಾಗ ಅವರಿಗೆ 47 ವರ್ಷ.

ಮೆದುಳಿನಿಂದ ಹೊರಟು ಹರೆಯವನ್ನು ಎಬ್ಬಿಸುವ ಹಾರ್ಮೋನಿನ ರಚನೆ ತಿಳಿದುದು 1971ರಲ್ಲಿ. ಅದನ್ನು ಹೋಲುವ ಔಷಧವನ್ನು ಎಡೆಬಿಡದೆ ಕೊಟ್ಟರೆ ಪಿಟ್ಯುಟರಿ ಗ್ರಂಥಿಯ ಪ್ರಚೋದನೆ ಅಡಗುತ್ತದೆ. ನಿಲ್ಲಿಸಿದರೆ ಹರೆಯ ಮತ್ತೆ ಮುಂದುವರಿಯುತ್ತದೆ. ಅಕಾಲದಲ್ಲಿ ಹರೆಯ ಬಂದ ಎಳೆಯರಿಗೆ ಬಳಸುತ್ತಿದ್ದ ಈ ಮದ್ದನ್ನು 1990ರ ದಶಕದಲ್ಲಿ ನೆದರ್ಲೆಂಡ್ಸಿನ ವೈದ್ಯರು ಡಿಲನ್ನರಂಥ ಮಕ್ಕಳಿಗೂ ಕೊಟ್ಟರು. ಮೂಳೆಗಳ ಬಲ ಕುಂದೀತೆಂಬ ಶಂಕೆಯೂ, ಸಾಕ್ಷ್ಯ ಸಾಲದೆಂಬ ವಾದವೂ ಉಂಟು. ಇಂಗ್ಲೆಂಡಿನ ಸರ್ಕಾರಿ ವೈದ್ಯಸೇವೆ 2024ರಲ್ಲಿ ಅದರ ವಾಡಿಕೆಯ ಬಳಕೆಯನ್ನು ನಿಲ್ಲಿಸಿತು.

ಮದ್ದಿನ ನಿರ್ಣಯ ವೈದ್ಯರಿಗೂ ಮಗುವಿಗೂ ಹೆತ್ತವರಿಗೂ ಸೇರಿದುದು. ಆದರೆ ಅಂಥ ಮಗು ನಮ್ಮ ತರಗತಿಯ ಬೆಂಚಿನ ಮೇಲೂ ಕುಳಿತಿರಬಹುದು. ಅದರ ಗುಟ್ಟನ್ನು ಬೀದಿಗೆಳೆಯದೆ ಕಾಪಾಡುವ ಹೊಣೆ ಮಾತ್ರ ಅಧ್ಯಾಪಕರಾದ ನಮ್ಮದು.