ಪಾಠ ಹೇಳಿ ಓದಿದ ದಿವಾನರು

ತಿಂಗಳ 20 ದಾಟಿದರೆ ವಿಜಯನಗರದ ನಮ್ಮ ರೂಮಿನಲ್ಲಿ ಎಲ್ಲರ ಅಕೌಂಟೂ ಖಾಲಿ. ಅಪ್ಪನನ್ನು ಮತ್ತೆ ದುಡ್ಡು ಕೇಳಲು ಬಾಯಿ ಬರುವುದಿಲ್ಲ. ಆಗೆಲ್ಲ ನೆನಪಾಗುವವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ.

ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ತೂಗಿಸಿದರು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. 1912ರಲ್ಲಿ ಮೈಸೂರಿನ ದಿವಾನರಾದರು. ಮರುವರ್ಷವೇ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದವು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು.

ಅಣೆಕಟ್ಟು ಕಟ್ಟಿದವರೂ ಒಂದು ಕಾಲಕ್ಕೆ ಟ್ಯೂಷನ್ ಮೇಷ್ಟ್ರೇ! ನನಗಿದ್ದ ಸಂಕೋಚ ಹೋಯಿತು. ಈ ತಿಂಗಳಿಂದ ಪಕ್ಕದ ರಸ್ತೆಯ ಇಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ. ಬಾಡಿಗೆಯಲ್ಲಿ ನನ್ನ ಪಾಲು ಇನ್ನು ನನ್ನದೇ ದುಡಿಮೆ.