ಕಳೆದುಹೋದ ನಕ್ಷೆ

ಕಳೆದ ರಜೆಯಲ್ಲಿ ಹಳೆ ಪುಸ್ತಕದಂಗಡಿಯೊಂದರಲ್ಲಿ ರಾಬರ್ಟ್ ಲೂಯಿ ಸ್ಟೀವನ್ಸನ್ ಅವರ ‘ಟ್ರೆಷರ್ ಐಲ್ಯಾಂಡ್’ ಕಾದಂಬರಿ ಸಿಕ್ಕಿತು. ಮನೆಗೆ ಬಂದು ನೋಡಿದರೆ ನಿಧಿಯ ನಕ್ಷೆ ಇರಬೇಕಾದ ಹಾಳೆಯೇ ಇಲ್ಲ, ಯಾರೋ ಹರಿದುಕೊಂಡಿದ್ದಾರೆ. ನಾನೇ ಬಿಡಿಸುತ್ತೇನೆಂದು ಪೆನ್ಸಿಲ್ ಹಿಡಿದು ಕುಳಿತೆ. ಹಡಗು ಹೊರಡುವ ಬ್ರಿಸ್ಟಲ್ ನಿಜವಾದ ಊರು, ಅಟ್ಲಾಸ್‌ನಲ್ಲಿದೆ. ದ್ವೀಪ ಮಾತ್ರ ಎಲ್ಲಿಯೂ ಇಲ್ಲ. ಅಲ್ಲಿ ಇನ್ನೂ ನಿಧಿ ಉಳಿದಿರುವುದರಿಂದ ಅದರ ಸ್ಥಳ ಹೇಳುವುದಿಲ್ಲವೆಂದು ಕತೆ ಹೇಳುವ ಹುಡುಗ ಶುರುವಿನಲ್ಲೇ ಜಾರಿಕೊಳ್ಳುತ್ತಾನೆ! ಸ್ಪೈಗ್ಲಾಸ್ ಬೆಟ್ಟವನ್ನು ಒಂದು ಕಡೆ ಇಟ್ಟರೆ ಮರದ ಕೋಟೆ ಇನ್ನೆಲ್ಲೋ ಹೋಗುತ್ತಿತ್ತು. ಮೂರು ಹಾಳೆ ಹಾಳಾದವು.

ಆಮೇಲೆ ಲೇಖಕರ ಜೀವನ ಓದಿದಾಗ ತಿಳಿಯಿತು, ಸ್ವತಃ ಅವರಿಗೂ ಇದೇ ಪಾಡು ಬಂದಿತ್ತು.

ಸ್ಟೀವನ್ಸನ್ ಹುಟ್ಟಿದ್ದು 1850ರ ನವೆಂಬರ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಅವರದು ದೀಪಸ್ತಂಭ ಕಟ್ಟುವ ಎಂಜಿನಿಯರುಗಳ ಮನೆತನ. ಅಜ್ಜ ಕಟ್ಟಿದ್ದು ಬೆಲ್ ರಾಕ್, ದೊಡ್ಡಪ್ಪ ಕಟ್ಟಿದ್ದು ಸ್ಕೆರಿವೋರ್. ತಂದೆ ಥಾಮಸ್ ಅವರನ್ನು ನಾವೂ ಬಲ್ಲೆವು: ಹವಾಮಾನ ಕೇಂದ್ರಗಳಲ್ಲಿ ಥರ್ಮಾಮೀಟರ್ ಇಡುವ ಬಿಳಿ ಪೆಟ್ಟಿಗೆ, ಅಂದರೆ ‘ಸ್ಟೀವನ್ಸನ್ ಸ್ಕ್ರೀನ್’, ಅವರದೇ ವಿನ್ಯಾಸ. ಮಗನಿಗೆ ಚಿಕ್ಕಂದಿನಿಂದಲೂ ಎದೆಯ ಕಾಯಿಲೆ. ಆದರೂ 1867ರಲ್ಲಿ ಎಂಜಿನಿಯರಿಂಗ್ ಓದಲು ಸೇರಿಸಿದರು. ಕಾಮಗಾರಿ ನೋಡಿ ಕಲಿಯಲೆಂದು ಸಮುದ್ರತೀರಗಳಿಗೂ ಕಳಿಸಿದರು. ಹುಡುಗ ಕಲ್ಲು, ಗಾರೆ ನೋಡುವ ಬದಲು ಸಮುದ್ರ ನೋಡಿಕೊಂಡು ಬಂದ.

1871ರಲ್ಲಿ ತನಗೆ ಈ ಓದು ಬೇಡ, ಬರೆಯಬೇಕು ಎಂದು ತಂದೆಗೆ ಹೇಳಿಯೇಬಿಟ್ಟರು. ಇಲ್ಲಿಗೆ ಬಂದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಸಿಇಟಿ ಹತ್ತಿರ ಬಂದಂತೆ ನಮ್ಮ ಮನೆಯಲ್ಲಿ ಅಬ್ಬ ಕೇಳುವ ಪ್ರಶ್ನೆ ನಿಮ್ಮ ಮನೆಗಳಲ್ಲೂ ಕೇಳಿಬರುತ್ತಿರಬಹುದು. ಥಾಮಸ್ ನೊಂದುಕೊಂಡರು, ಆದರೆ ಬಲವಂತ ಮಾಡಲಿಲ್ಲ. ಕಾನೂನನ್ನಾದರೂ ಓದು ಎಂದರು. ಮಗ 1875ರಲ್ಲಿ ವಕೀಲರಾದರು. ವಕೀಲಿ ಮಾಡಿದ್ದು ಇಲ್ಲವೆನ್ನುವಷ್ಟು ಕಡಿಮೆ.

1880ರಲ್ಲಿ ಫ್ಯಾನಿ ಆಸ್ಬೋರ್ನ್ ಅವರೊಡನೆ ಮದುವೆಯಾಯಿತು. ಮರುವರ್ಷ ಬ್ರೇಮಾರ್ ಎಂಬ ಹಳ್ಳಿಯಲ್ಲಿ ಬಿಡದೆ ಮಳೆ. ಫ್ಯಾನಿಯವರ ಮಗ ಲಾಯ್ಡ್ ಬಣ್ಣದ ಪೆಟ್ಟಿಗೆ ಹಿಡಿದು ಕುಳಿತಿದ್ದ. ಅವನ ಜೊತೆಯ ಆಟದಲ್ಲೇ ಒಂದು ದ್ವೀಪದ ನಕ್ಷೆ ಮೂಡಿತು. ಅದನ್ನು ನೋಡುತ್ತಾ ನೋಡುತ್ತಾ ಕತೆ ಹುಟ್ಟಿತು. ದಿನಕ್ಕೊಂದು ಅಧ್ಯಾಯ ಬರೆದು ಮನೆಯವರಿಗೆ ಓದಿ ಹೇಳುತ್ತಿದ್ದರು. ಕೇಳುಗರಲ್ಲಿ ಥಾಮಸ್ ಕೂಡ ಇದ್ದರು. ಬಿಲ್ಲಿ ಬೋನ್ಸ್‌ನ ಪೆಟ್ಟಿಗೆಯಲ್ಲಿ ಏನೇನಿತ್ತೆಂಬ ಪಟ್ಟಿಯನ್ನು ಅವರು ದಿನದ ಬಹುಪಾಲು ಕುಳಿತು ಬರೆದುಕೊಟ್ಟರು. ಮಗ ಅದನ್ನು ಹಾಗೆಯೇ ಬಳಸಿಕೊಂಡರು.

1883ರಲ್ಲಿ ಅದು ಪುಸ್ತಕವಾಗುವಾಗ ಪ್ರಕಾಶಕರಿಗೆ ಕಳಿಸಿದ ನಕ್ಷೆ ಕಳೆದೇಹೋಯಿತು. ನಕ್ಷೆ ನೋಡಿ ಕತೆ ಬರೆಯುವುದು ಸುಲಭ. ಕತೆಯಲ್ಲಿ ಬಂದ ದಿಕ್ಕು, ದೂರಗಳನ್ನೆಲ್ಲ ಹೆಕ್ಕಿ ನಕ್ಷೆ ಮಾಡುವುದು ಸುಲಭವಲ್ಲ. ಆ ಕೆಲಸ ನಡೆದದ್ದು ತಂದೆಯ ಕಚೇರಿಯಲ್ಲಿ, ದೀಪಸ್ತಂಭಗಳ ನಕ್ಷೆ ತಯಾರಾಗುತ್ತಿದ್ದ ಜಾಗದಲ್ಲಿ. ಕ್ಯಾಪ್ಟನ್ ಫ್ಲಿಂಟ್‌ನ ಸಹಿಯನ್ನು ಹಾಕಿದ್ದು ಸ್ವತಃ ಥಾಮಸ್. ಆದರೂ ಈ ಎರಡನೆಯ ನಕ್ಷೆ ಲೇಖಕರಿಗೆ ತಮ್ಮ ದ್ವೀಪ ಅನ್ನಿಸಲೇ ಇಲ್ಲವಂತೆ. ನನಗೇನೋ ಇದೇ ಹೆಚ್ಚು ಇಷ್ಟ.

ತಂದೆ ಕಳಿಸಿದ್ದ ಜಾಗಗಳೂ ವ್ಯರ್ಥವಾಗಲಿಲ್ಲ. 1870ರಲ್ಲಿ ದೀಪಸ್ತಂಭದ ಕೆಲಸ ನೋಡಲು ಹೋಗಿದ್ದ ಎರೇಡ್ ಎಂಬ ನಿಜವಾದ ಪುಟ್ಟ ದ್ವೀಪವೇ 1886ರ ‘ಕಿಡ್ನ್ಯಾಪ್ಡ್’ ಕಾದಂಬರಿಯಲ್ಲಿದೆ. ಹಡಗು ಒಡೆದು ಅಲ್ಲಿ ಸಿಕ್ಕಿಬಿದ್ದ ಡೇವಿಡ್ ದಿನಗಟ್ಟಲೆ ಹಸಿದು ನರಳುತ್ತಾನೆ. ಇಳಿತದ ಹೊತ್ತಿಗೆ ನಡೆದೇ ದಾಟಬಹುದೆಂದು ಅವನಿಗೆ ಗೊತ್ತಿರುವುದಿಲ್ಲ. ಆ ಪುಸ್ತಕದಲ್ಲೂ ನಕ್ಷೆಯಿದೆ, ಅದನ್ನು ಅಟ್ಲಾಸ್ ಪಕ್ಕದಲ್ಲಿಟ್ಟು ನೋಡಬಹುದು.

1887ರಲ್ಲಿ ಥಾಮಸ್ ತೀರಿಕೊಂಡರು. ಮರುವರ್ಷ ಸ್ಟೀವನ್ಸನ್ ಕುಟುಂಬದೊಡನೆ ಪೆಸಿಫಿಕ್ ಸಾಗರಕ್ಕೆ ಹಡಗೇರಿದರು. ಕೊನೆಗೆ ನೆಲೆಸಿದ್ದು ಸಮೋವಾ ದ್ವೀಪದಲ್ಲಿ. ಅಲ್ಲಿನವರು ಅವರನ್ನು ಟುಸಿಟಾಲಾ, ಅಂದರೆ ಕತೆಗಾರ, ಎಂದು ಕರೆದರು. 1894ರ ಡಿಸೆಂಬರ್ 3ರಂದು, 44ನೇ ವಯಸ್ಸಿನಲ್ಲಿ ನಿಧನರಾದರು. ಸಮೋವಾದ ಜನ ಕಾಡು ಕಡಿದು ದಾರಿ ಮಾಡಿ, ಅವರನ್ನು ವಾಯಿಯಾ ಬೆಟ್ಟದ ಮೇಲಕ್ಕೆ ಹೊತ್ತೊಯ್ದು ಮಣ್ಣು ಮಾಡಿದರು.

ನನ್ನ ನಾಲ್ಕನೆಯ ಹಾಳೆಯಲ್ಲಿ ಬೆಟ್ಟ, ಕೋಟೆ ಎರಡೂ ಕುಳಿತಿವೆ. ಲಂಗರು ಹಾಕುವ ಜಾಗ ಇನ್ನೂ ಸರಿಹೋಗಿಲ್ಲ. ಸ್ಕೇಲು, ಕೈವಾರ ಹಿಡಿದು ಜೊತೆಗೆ ಕೂರುವವರಿದ್ದರೆ, ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯದ ಕಿಟಕಿ ಪಕ್ಕದ ಮೇಜಿಗೆ ಬನ್ನಿ.