ಟೂಸಾಂ ಲೂವೆರ್ತೂರ್

ಅಮೆರಿಕ ಖಂಡದ ಸ್ವಾತಂತ್ರ್ಯಸಮರಗಳೆಂದೊಡನೆ ವಾಷಿಂಗ್ಟನ್ನನ ನೆನಪಾಗುವುದು ಸಹಜ. ನನಗಾದರೋ ಗುಲಾಮನಾಗಿ ಹುಟ್ಟಿದ ಟೂಸಾಂ ಲೂವೆರ್ತೂರನೇ ಮೊದಲು ನೆನಪಾಗುವನು.

ಇಂದಿನ ಹೈಟಿಯು ಆಗ ಫ್ರೆಂಚರ ವಸಾಹತು. ಆಫ್ರಿಕದ ಗುಲಾಮರ ಬೆವರಿನಿಂದ ಸಕ್ಕರೆ ಬೆಳೆಯುತ್ತಿದ್ದ ನಾಡು. ಅಲ್ಲಿನ ಬ್ರೆದಾ ತೋಟದಲ್ಲಿ ಸುಮಾರು 1743ರಲ್ಲಿ ಅವನು ಜನಿಸಿದನು. ಕುದುರೆಗಳನ್ನು ನೋಡಿಕೊಳ್ಳುತ್ತ ಓದುಬರಹ ಕಲಿತು, ಕಾಲಾನಂತರ ಬಿಡುಗಡೆ ಹೊಂದಿದನು. 1791ರ ಆಗಸ್ಟಿನಲ್ಲಿ ಗುಲಾಮರು ದಂಗೆಯೆದ್ದಾಗ, ತಾನು ಸ್ವತಂತ್ರನಾಗಿದ್ದರೂ ಅವರನ್ನು ಸೇರಿದನು. 1794ರಲ್ಲಿ ಫ್ರಾನ್ಸು ಗುಲಾಮಗಿರಿಯನ್ನು ರದ್ದುಪಡಿಸಲು, ಅದರ ಪಕ್ಷವಹಿಸಿ ಕಾದಿ, 1798ರಲ್ಲಿ ಆಂಗ್ಲರನ್ನು ಹೊರದೂಡಿದನು. 1801ರ ಅವನ ಸಂವಿಧಾನವು ದಾಸ್ಯವನ್ನು ಶಾಶ್ವತವಾಗಿ ನಿಷೇಧಿಸಿತು. ಆದರೂ ಕೂಲಿಗಳನ್ನು ತೋಟಗಳಿಗೇ ಕಟ್ಟಿಹಾಕಿದ ಅವನ ಕಟ್ಟಳೆಯನ್ನು ನಾನು ಮೆಚ್ಚಲಾರೆನು.

1802ರಲ್ಲಿ ನೆಪೋಲಿಯನ್ನನ ಸೇನೆ ಬಂದಿತು. ಮಾತುಕತೆಗೆಂದು ಕರೆದು ಅವನನ್ನು ಸೆರೆಹಿಡಿದರು. ಫ್ರಾನ್ಸಿನ ಜ್ಯೂರಾ ಪರ್ವತದ ಕೋಟೆಯೊಂದರಲ್ಲಿ, 1803ರ ಏಪ್ರಿಲ್ 7ರಂದು ಅವನು ಮಡಿದನು. ಅವನ ದಳಪತಿ ದೆಸಲೀನನು ಯುದ್ಧವನ್ನು ಮುಂದುವರಿಸಿ, 1804ರ ಜನವರಿ 1ರಂದು ಹೈಟಿಯ ಸ್ವಾತಂತ್ರ್ಯವನ್ನು ಸಾರಿದನು. ಆ ಸ್ವಾತಂತ್ರ್ಯವನ್ನು ಮನ್ನಿಸುವುದಕ್ಕೆ ಫ್ರಾನ್ಸು 1825ರಲ್ಲಿ 15 ಕೋಟಿ ಫ್ರಾಂಕುಗಳನ್ನು ಕೇಳಿತು. ರಕ್ತವಿತ್ತು ಪಡೆದುದಕ್ಕೆ ಆ ಬಡನಾಡು ಸಾಲಮಾಡಿ ಹಣವನ್ನೂ ತೆರಬೇಕಾಯಿತು.

ವಾಷಿಂಗ್ಟನ್ನನ ನಾಡು ಸ್ವತಂತ್ರವಾದ ಮೇಲೂ ಅಲ್ಲಿ ಗುಲಾಮಗಿರಿ 1865ರವರೆಗೆ ಉಳಿಯಿತು. ನಾಡಿನೊಡನೆ ದುಡಿಯುವವನೂ ಬಿಡುಗಡೆ ಹೊಂದಬೇಕೆಂಬುದನ್ನು ಸಾಧಿಸಿ ತೋರಿಸಿದವರು ಹೈಟಿಯ ಜನ. ಅದಕ್ಕಾಗಿಯೇ ಟೂಸಾಂನ ಚರಿತ್ರೆಯು ನಮಗೆಲ್ಲ ಪಠನಾರ್ಹವೆಂದು ನಾನು ಭಾವಿಸುವೆನು.